ಒರಳುಕಲ್ಲಿನಿಂದ ಗಲ್ಲಾದವರೆಗೆ: ಒಬ್ಬ ಹೋಟೆಲ್ ಮಾಲೀಕರ ದೀರ್ಘ ಬದುಕು ಮತ್ತು ನಮಗೊಂದು ಪಾಠ



ಇತಿಹಾಸ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ರಾಜರು, ಕೋಟೆಗಳು ಮತ್ತು ಯುದ್ಧಗಳು. ರಾಯಚೂರು ಜಿಲ್ಲೆಯವರಾದ ನಮಗಂತೂ ಇದು ಸಹಜ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಪ್ರದೇಶಕ್ಕಾಗಿ ಬಹಮನಿ ಸುಲ್ತಾನರು, ವಿಜಯನಗರದ ಅರಸರು ಮತ್ತು ವಿಜಾಪುರದ ಆದಿಲ್‌ಶಾಹಿಗಳು ಮತ್ತೆ ಮತ್ತೆ ಕಾದಾಡಿದರು. 1520ರ ರಾಯಚೂರು ಕದನವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಪರೀಕ್ಷೆಗಾಗಿ ಓದುತ್ತಾನೆ. ಆದರೆ ಆ ಸೈನ್ಯಗಳಿಗೆ ಅಡುಗೆ ಮಾಡಿ ಹಾಕಿದವರು ಯಾರು? ದಾರಿಹೋಕರಿಗೆ ನೀರು, ರೊಟ್ಟಿ ಕೊಟ್ಟವರು ಯಾರು? ಅವರ ಹೆಸರು ಯಾವ ಶಿಲಾಶಾಸನದಲ್ಲೂ ಸಿಗುವುದಿಲ್ಲ.

ನಮ್ಮ ಕಾಲದಲ್ಲೂ ಹೀಗೆಯೇ ನಡೆದಿದೆ. ಊರಿನ ಶಾಸಕರ, ವೈದ್ಯರ, ವಕೀಲರ ಬಗ್ಗೆ ಅಭಿನಂದನಾ ಗ್ರಂಥಗಳು ಬರುತ್ತವೆ. ಬಸ್ ನಿಲ್ದಾಣದ ಎದುರು ನಲವತ್ತು ವರ್ಷ ಚಹಾ ಮಾಡಿ ಕೊಟ್ಟ ಹೋಟೆಲ್ ಮಾಲೀಕರ ಬದುಕನ್ನು ಬರೆದಿಡುವ ರೂಢಿ ನಮ್ಮಲ್ಲಿ ಕಡಿಮೆ. ಆದ್ದರಿಂದ ಈ ಲೇಖನದಲ್ಲಿ ಒಬ್ಬ ಹೋಟೆಲ್ ಮಾಲೀಕರ ಜೀವನವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಇದನ್ನು ಓದಿ ಮುಗಿಸಿದಾಗ ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವ ಒಂದು ಮಾತಿಗೆ ಉತ್ತರ ದೊರೆಯಬೇಕೆಂಬುದು ನನ್ನ ಆಸೆ. ಆ ಮಾತು ಇದು: "ಓದಿ ಏನು ಮಾಡಬೇಕು? ಅವರು ಓದದೇ ದೊಡ್ಡ ಹೋಟೆಲ್ ಮಾಲೀಕರಾಗಲಿಲ್ಲವೇ?"

ಖಾನಾವಳಿ, ಹೋಟೆಲ್ ಮತ್ತು ರೈಲು

ಮೊದಲು ಸ್ವಲ್ಪ ಹಿನ್ನೆಲೆ ತಿಳಿಯೋಣ. ಉತ್ತರ ಕರ್ನಾಟಕದಲ್ಲಿ ಊಟ ಸಿಗುವ ಜಾಗಕ್ಕೆ ನಾವು 'ಖಾನಾವಳಿ' ಎನ್ನುತ್ತೇವೆ. ಇದರ ಮೊದಲ ಭಾಗವಾದ 'ಖಾನಾ' ಉರ್ದು ಓದುವ ಮಕ್ಕಳಿಗೆ ಗೊತ್ತಿರುವ ಪದವೇ. ಚಹಾ, ಇಡ್ಲಿ, ಪೂರಿ, ಒಗ್ಗರಣೆ-ಮಿರ್ಚಿ ಸಿಗುವ ಜಾಗಕ್ಕೆ 'ಹೋಟೆಲ್' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಈ ಪದಕ್ಕೆ ಉಳಿದುಕೊಳ್ಳುವ ವಸತಿಗೃಹ ಎಂಬ ಅರ್ಥವಿದ್ದರೂ ನಮ್ಮಲ್ಲಿ ನಾಲ್ಕು ಬೆಂಚು ಮತ್ತು ಒಂದು ಭಟ್ಟಿ ಇದ್ದರೆ ಅದೂ ಹೋಟೆಲ್ಲೇ.

ಹಿಂದೆ ಪ್ರಯಾಣಿಕರು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಛತ್ರ, ಧರ್ಮಶಾಲೆ, ಸರಾಯಿಗಳಲ್ಲಿ ತಂಗುತ್ತಿದ್ದರು. ಹಣ ಕೊಟ್ಟು ಅಪರಿಚಿತರ ಕೈಯಡುಗೆ ಉಣ್ಣುವುದು ಸಾಮಾನ್ಯ ಸಂಗತಿಯಾಗಿರಲಿಲ್ಲ. ರೈಲು ಬಂದ ಮೇಲೆ ಈ ಪರಿಸ್ಥಿತಿ ಬದಲಾಗತೊಡಗಿತು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿ ನಮ್ಮ ರಾಯಚೂರಿನಲ್ಲಿಯೇ ಸೇರಿದವು. ಎರಡು ಮಹಾನಗರಗಳ ನಡುವಿನ ಸಂಪರ್ಕ ನಮ್ಮ ಜಿಲ್ಲೆಯ ನೆಲದ ಮೇಲೆ ಪೂರ್ಣಗೊಂಡಿತು ಎಂಬುದು ಹೆಮ್ಮೆಯ ವಿಷಯ. ಊರು ಬಿಟ್ಟು ದುಡಿಯಲು ಹೊರಟವರು, ಕಚೇರಿ ಕೆಲಸಕ್ಕೆ ಬಂದವರು, ವ್ಯಾಪಾರಿಗಳು, ವಿದ್ಯಾರ್ಥಿಗಳು ಇವರೆಲ್ಲರಿಗೂ ಊಟ ಬೇಕಾಯಿತು. ಆ ಅಗತ್ಯದಿಂದ ಹೋಟೆಲ್ ಉದ್ಯಮ ಬೆಳೆಯಿತು.

ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1948ರ ಸೆಪ್ಟೆಂಬರ್‌ವರೆಗೆ ಆ ಆಡಳಿತ ನಡೆಯಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಕನ್ನಡ ನಾಡಿನೊಂದಿಗೆ ಒಂದಾಯಿತು. ಆದ್ದರಿಂದ ಹೋಟೆಲ್ ಎಂದರೆ ನಮಗೆ ಎರಡು ಪರಂಪರೆಗಳು ನೆನಪಾಗುತ್ತವೆ. ಒಂದು ಹೈದರಾಬಾದಿನ ಇರಾನಿ ಚಹಾ ಮತ್ತು ಬಿರಿಯಾನಿಯ ಪರಂಪರೆ. ಇನ್ನೊಂದು ಕರಾವಳಿಯಿಂದ ಬಂದ ಉಡುಪಿ ಹೋಟೆಲಿನ ಪರಂಪರೆ. ನಾನು ಹೇಳಹೊರಟಿರುವ ವ್ಯಕ್ತಿ ಈ ಎರಡನೆಯ ಪರಂಪರೆಗೆ ಸೇರಿದವರು.

ಕಡಂದಲೆಯ ಹುಡುಗ

ಅವರ ಹೆಸರು ಕೆ. ಕೃಷ್ಣರಾವ್. 1898ರಲ್ಲಿ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕಡಂದಲೆ ಎಂಬ ಹಳ್ಳಿಯಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದರು. ಹೆಚ್ಚಿನ ಶಾಲಾ ವಿದ್ಯಾಭ್ಯಾಸ ಅವರಿಗೆ ದೊರೆಯಲಿಲ್ಲ. ಚಿಕ್ಕ ವಯಸ್ಸಿನಲ್ಲೇ ದುಡಿಮೆಗೆ ಇಳಿಯಬೇಕಾಯಿತು.

ಉಡುಪಿಯ ಮಠವೊಂದರಲ್ಲಿ ಅವರು ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದರು. ಜಗನ್ನಾಥದಾಸರ ಊರಾದ ಮಾನ್ವಿಯವರಿಗೆ ಉಡುಪಿಯ ಮಠಗಳ ಹೆಸರು ಹೊಸದಲ್ಲ. ಅಲ್ಲಿ ಎಂಟು ಮಠಗಳಿವೆ. ಎರಡು ವರ್ಷಕ್ಕೊಮ್ಮೆ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಇದನ್ನು ಪರ್ಯಾಯ ಎನ್ನುತ್ತಾರೆ. ಪ್ರತಿದಿನ ಸಾವಿರಾರು ಜನರಿಗೆ ಅಲ್ಲಿ ಊಟ ಬಡಿಸಲಾಗುತ್ತದೆ. ದೊಡ್ಡ ಪ್ರಮಾಣದಲ್ಲಿ, ಸಮಯಕ್ಕೆ ಸರಿಯಾಗಿ, ರುಚಿ ಕೆಡದಂತೆ ಅಡುಗೆ ಮಾಡುವ ಕಲೆ ಅಲ್ಲಿನ ಪಾಕಶಾಲೆಗಳಲ್ಲಿ ತಲೆಮಾರುಗಳಿಂದ ಬೆಳೆದು ಬಂದಿದೆ. ಕರಾವಳಿಯ ಹೋಟೆಲಿನವರಿಗೆ ಅದೇ ದೊಡ್ಡ ಪಾಠಶಾಲೆಯಾಯಿತು.

ನಂತರ ಕೃಷ್ಣರಾವ್ ಸಣ್ಣ ಹೋಟೆಲೊಂದರಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕೆ ಸೇರಿದರು. ಇಂದಿನ ಮಕ್ಕಳಿಗೆ ಈ ಕೆಲಸದ ಕಷ್ಟ ಊಹಿಸುವುದು ಕಷ್ಟ. ಆಗ ವಿದ್ಯುತ್ ಗ್ರೈಂಡರ್ ಇರಲಿಲ್ಲ. ಬೆಳಗಿನ ದೋಸೆ-ಇಡ್ಲಿಗೆ ಬೇಕಾದ ಅಕ್ಕಿ, ಉದ್ದನ್ನು ಹಿಂದಿನ ದಿನವೇ ಒರಳುಕಲ್ಲಿನಲ್ಲಿ ಕೈಯಿಂದ ರುಬ್ಬಬೇಕಿತ್ತು. ಗಂಟೆಗಟ್ಟಲೆ ಕಲ್ಲು ತಿರುಗಿಸಿದರೆ ಅಂಗೈಯಲ್ಲಿ ಬೊಬ್ಬೆ ಏಳುತ್ತಿತ್ತು. ತಿಂಗಳ ಸಂಬಳ ಕೆಲವೇ ರೂಪಾಯಿಗಳು.

1920ರ ದಶಕದಲ್ಲಿ ಅವರು ಮದ್ರಾಸಿಗೆ ಹೋದರು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ ಅಲ್ಲಿನ ಜನರಿಗೆ ಮದ್ರಾಸೇ ರಾಜಧಾನಿ. ಜಾರ್ಜ್ ಟೌನಿನ ವ್ಯಾಪಾರದ ಬೀದಿಗಳಲ್ಲಿ ಹೋಟೆಲ್ ಕೆಲಸಗಾರನಾಗಿ ದುಡಿದರು. ಅಡುಗೆಮನೆಯ ಕೆಲಸದ ಜೊತೆಗೆ ವ್ಯಾಪಾರದ ಒಳಗುಟ್ಟನ್ನೂ ಕಲಿತು ಕೊನೆಗೆ ಸ್ವಂತವಾಗಿ ಹೋಟೆಲ್ ನಡೆಸುವ ಧೈರ್ಯ ಮಾಡಿದರು. 1927ರಲ್ಲಿ ಮೌಂಟ್ ರೋಡಿನಲ್ಲಿ 'ಉಡುಪಿ ಶ್ರೀಕೃಷ್ಣ ವಿಲಾಸ' ಆರಂಭವಾಯಿತು.

1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ಜಮೀನ್ದಾರರಿಗೆ ಸೇರಿದ್ದ 'ವುಡ್‌ಲ್ಯಾಂಡ್ಸ್' ಎಂಬ ಬಂಗಲೆಯನ್ನು ಗುತ್ತಿಗೆಗೆ ಪಡೆದು ಊಟ-ವಸತಿಯ ಹೋಟೆಲ್ ತೆರೆದರು. ಬಂಗಲೆಯ ಹೆಸರೇ ಹೋಟೆಲಿನ ಹೆಸರಾಯಿತು. ಮುಂದೆ ಅದು ಲೋಕಪ್ರಸಿದ್ಧವಾಯಿತು. 1952ರಲ್ಲಿ ಮೈಲಾಪುರದಲ್ಲಿ 'ನ್ಯೂ ವುಡ್‌ಲ್ಯಾಂಡ್ಸ್' ಬಂತು. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ 'ಡ್ರೈವ್-ಇನ್' ಹೋಟೆಲ್ ಬಂತು. ಗ್ರಾಹಕರು ಕಾರಿನಲ್ಲೇ ಕುಳಿತು ತಿಂಡಿ ತರಿಸಿಕೊಳ್ಳುವ ವ್ಯವಸ್ಥೆ ಅಲ್ಲಿತ್ತು. ಮರಗಳ ನೆರಳಿನ ಆ ಜಾಗ ಬರಹಗಾರರಿಗೆ, ವಿದ್ಯಾರ್ಥಿಗಳಿಗೆ, ವ್ಯಾಪಾರಿಗಳಿಗೆ ಸೇರುವ ತಾಣವಾಗಿತ್ತು. 2008ರಲ್ಲಿ ಅದು ಮುಚ್ಚಿತು. ಆ ಜಾಗದಲ್ಲಿ 2010ರಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಾಯಿತು. ಮಸಾಲೆ ದೋಸೆಯನ್ನು ಹೊರಜಗತ್ತಿಗೆ ಪರಿಚಯಿಸಿದವರಲ್ಲಿ ಕೃಷ್ಣರಾವ್ ಅವರ ಹೆಸರು ಮುಂಚೂಣಿಯಲ್ಲಿದೆ. 1990ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತು ವರ್ಷ ದಾಟಿತ್ತು.

ಒಂದೇ ಜೀವನದಲ್ಲಿ ಎಷ್ಟು ಕಾಲ ಅಡಗಿದೆ ನೋಡಿ. ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ ಹುಟ್ಟಿದವರು ಎರಡು ಮಹಾಯುದ್ಧ, ಸ್ವಾತಂತ್ರ್ಯ, ಭಾಷಾವಾರು ಪ್ರಾಂತ್ಯ ರಚನೆ, ತುರ್ತು ಪರಿಸ್ಥಿತಿ ಎಲ್ಲವನ್ನೂ ಕಂಡರು.

ಹೋಟೆಲ್ ನಡೆಸುವುದು ಸುಲಭವಲ್ಲ

ಗಲ್ಲಾದ ಮೇಲೆ ಕುಳಿತವರನ್ನು ನೋಡಿ "ಆರಾಮದ ಕೆಲಸ" ಎಂದುಕೊಳ್ಳಬೇಡಿ. ಸಣ್ಣ ಊರಿನ ಹೋಟೆಲ್ ಮಾಲೀಕರು ಫಜ್ರ್ ಅಜಾನಿಗೂ ಮುನ್ನ ಏಳುತ್ತಾರೆ. ಹಾಲು ಬರಬೇಕು, ಭಟ್ಟಿ ಹೊತ್ತಬೇಕು, ಮೊದಲ ಬಸ್ಸಿನವರಿಗೆ ಚಹಾ ಸಿದ್ಧವಿರಬೇಕು. ಮಾಡಿದ ತಿಂಡಿ ಮಾರಾಟವಾಗದಿದ್ದರೆ ನಷ್ಟ. ಕಡಿಮೆಯಾದರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ. ಉದ್ರಿ ಕೊಡದಿದ್ದರೆ ವ್ಯಾಪಾರವಿಲ್ಲ, ಕೊಟ್ಟರೆ ವಸೂಲಿಯ ಭರವಸೆಯಿಲ್ಲ. ಮಳೆ ಬಾರದ ವರ್ಷ, ಕಾಲುವೆಗೆ ನೀರು ಬಾರದ ವರ್ಷ ರೈತನ ಜೇಬಿನಂತೆ ಹೋಟೆಲಿನ ಗಲ್ಲಾವೂ ಖಾಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತವನ್ನು ನಂಬಿದ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ಹೋಟೆಲಿಗೂ ಇಂತಹ ಕಷ್ಟ ತಪ್ಪಿಲ್ಲ. ಬೆಂಗಳೂರಿನ ಎಂ.ಟಿ.ಆರ್. ಹೆಸರು ನೀವು ಕೇಳಿರುತ್ತೀರಿ. ಉಡುಪಿ ಕಡೆಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಅದನ್ನು ಆರಂಭಿಸಿದರು. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿನ ಪ್ರವಾಸ ಮಾಡಿ ಅಲ್ಲಿನ ಹೋಟೆಲುಗಳ ಸ್ವಚ್ಛತೆಯನ್ನು ನೋಡಿ ಬಂದರು. ಹಿಂದಿರುಗಿದ ಮೇಲೆ ತಮ್ಮ ಹೋಟೆಲಿನಲ್ಲಿ ಪಾತ್ರೆಗಳ ಶುಚಿತ್ವಕ್ಕೆ ಹೊಸ ಕ್ರಮಗಳನ್ನು ತಂದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವವಾದಾಗ ರವೆಯಿಂದ ಇಡ್ಲಿ ಮಾಡಿದ್ದು ತಮ್ಮಲ್ಲಿಯೇ ಎಂದು ಆ ಸಂಸ್ಥೆ ಹೇಳುತ್ತದೆ. 1975ರ ತುರ್ತು ಪರಿಸ್ಥಿತಿಯ ನಂತರ ಸರ್ಕಾರ ತಿಂಡಿಗಳ ಬೆಲೆಯನ್ನು ಕಡಿಮೆ ದರಕ್ಕೆ ನಿಗದಿ ಮಾಡಿದಾಗ ಎಂ.ಟಿ.ಆರ್. ಗುಣಮಟ್ಟ ಇಳಿಸಲು ಒಪ್ಪಲಿಲ್ಲ. ದಿನದ ನಷ್ಟವನ್ನು ಬಾಗಿಲಲ್ಲಿ ಬರೆದು ಹಾಕುತ್ತಾ ಕೆಲಕಾಲ ನಡೆಸಿ ಕೊನೆಗೆ ಹೋಟೆಲ್ ಮುಚ್ಚಬೇಕಾಯಿತು. ಆಗ ಮಸಾಲೆ ಪುಡಿ ಮತ್ತು ಸಿದ್ಧ ಮಿಶ್ರಣಗಳ ಮಾರಾಟ ಕೈ ಹಿಡಿಯಿತು. ಕೆಲವು ವರ್ಷಗಳ ನಂತರ ಹೋಟೆಲ್ ಮತ್ತೆ ತೆರೆಯಿತು.

ನಮ್ಮ ಸಮುದಾಯದಲ್ಲೂ ಇಂತಹ ಉದಾಹರಣೆಗಳಿವೆ. ದೆಹಲಿಯ ಜಾಮಾ ಮಸೀದಿಯ ಬಳಿಯ ಕರೀಂ ಹೋಟೆಲಿನ ಸ್ಥಾಪಕ ಹಾಜಿ ಕರೀಮುದ್ದೀನ್ ಅವರ ಪೂರ್ವಿಕರು ಮೊಗಲ್ ಅರಮನೆಯ ಬಾಣಸಿಗರಾಗಿದ್ದರೆಂದು ಆ ಕುಟುಂಬ ಹೇಳುತ್ತದೆ. 1857ರ ನಂತರ ಅರಮನೆಯೇ ಇಲ್ಲವಾಯಿತು. 1911ರ ದೆಹಲಿ ದರ್ಬಾರಿನ ಜನಸಂದಣಿಯಲ್ಲಿ ಆಲೂ-ಗೋಷ್ತ್ ಮತ್ತು ದಾಲ್ ಮಾರಲು ಆರಂಭಿಸಿದ ಕರೀಮುದ್ದೀನ್ 1913ರಲ್ಲಿ ಹೋಟೆಲ್ ತೆರೆದರು. ಹಳೆಯ ಆಸರೆ ಹೋದ ಮೇಲೂ ಕೈಯಲ್ಲಿದ್ದ ಕಸುಬು ಕುಟುಂಬವನ್ನು ಉಳಿಸಿತು. ಮನುಷ್ಯನು ತನ್ನ ಕೈಯಾರೆ ದುಡಿದು ತಿನ್ನುವ ಅನ್ನಕ್ಕಿಂತ ಉತ್ತಮ ಅನ್ನವಿಲ್ಲವೆಂದೂ ಪ್ರವಾದಿ ದಾವೂದ್(ಅ) ಅವರೂ ಸ್ವಂತ ದುಡಿಮೆಯಿಂದಲೇ ಉಣ್ಣುತ್ತಿದ್ದರೆಂದೂ ನಮ್ಮ ಪ್ರವಾದಿ(ಸ) ಕಲಿಸಿದ್ದಾರೆ. ಹೀಗಿರುವಾಗ ಲೋಟ ತೊಳೆದು ಬದುಕು ಕಟ್ಟಿದವರನ್ನು ಕೀಳಾಗಿ ಕಾಣುವ ಅಧಿಕಾರ ಯಾರಿಗಿದೆ?

ಯಾರು ಒಳಗೆ, ಯಾರು ಹೊರಗೆ?

ಹೋಟೆಲಿನ ಇತಿಹಾಸದಲ್ಲಿ ಸಿಹಿಯ ಜೊತೆ ಕಹಿಯೂ ಇದೆ. ಬ್ರಿಟಿಷರ ಕಾಲದಲ್ಲಿ ರೈಲ್ವೆ ನಿಲ್ದಾಣಗಳಲ್ಲಿ 'ಹಿಂದೂ ಪಾನಿ', 'ಮುಸ್ಲಿಂ ಪಾನಿ' ಎಂದು ಬೇರೆ ಬೇರೆಯಾಗಿ ಕೂಗುತ್ತಿದ್ದರು. ಆರಂಭದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಜಾಗವಿತ್ತು. ದಲಿತರಿಗಂತೂ ಒಳಗೆ ಪ್ರವೇಶವೇ ಇರಲಿಲ್ಲ; ಹಳ್ಳಿಗಳಲ್ಲಿ ಹೊರಗೆ ನಿಂತು, ಬೇರೆ ಇಟ್ಟ ಲೋಟದಲ್ಲಿ ಚಹಾ ಕುಡಿಯಬೇಕಿತ್ತು.

1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನ ಹೋಟೆಲನ್ನು ಮರೆಯಲಿಲ್ಲ. 15ನೇ ವಿಧಿಯ ಎರಡನೇ ಖಂಡ ಅಂಗಡಿ, ಸಾರ್ವಜನಿಕ ಉಪಹಾರ ಗೃಹ ಮತ್ತು ಹೋಟೆಲುಗಳ ಪ್ರವೇಶಕ್ಕೆ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದು ಹೇಳುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರಲ್ಲಿ ಅದಕ್ಕೆ ಶಿಕ್ಷೆ ವಿಧಿಸುವ ಕಾನೂನು ಬಂತು. ಕಾನೂನು ಬಂದ ದಿನವೇ ಎಲ್ಲ ಬಾಗಿಲು ತೆರೆಯಲಿಲ್ಲ ಎಂಬುದು ನಿಜ. ಬೇರೆ ಲೋಟದ ಪದ್ಧತಿಯ ವರದಿಗಳು ನಮ್ಮ ಕಾಲದಲ್ಲೂ ಪತ್ರಿಕೆಗಳಲ್ಲಿ ಬಂದಿವೆ. ಆದರೂ ಒಂದೇ ಬೆಂಚಿನಲ್ಲಿ ನಾನಾ ಜಾತಿ-ಧರ್ಮದವರು ಕುಳಿತು, 'ಒನ್ ಬೈ ಟೂ' ಚಹಾ ಹಂಚಿಕೊಂಡು, ಒಂದೇ ಪತ್ರಿಕೆಯ ಪುಟಗಳನ್ನು ಬಿಡಿಸಿ ಓದುವ ಜಾಗ ನಮ್ಮ ಊರುಗಳಲ್ಲಿ ಹೋಟೆಲ್ ಬಿಟ್ಟರೆ ಎಷ್ಟಿವೆ? ಹೋಟೆಲ್ ಮಾಲೀಕನು ಯಾರನ್ನು ಎಲ್ಲಿ ಕೂರಿಸುತ್ತಾನೆ ಎಂಬುದು ಊರಿನ ಸೌಹಾರ್ದದ ಪ್ರಶ್ನೆಯೂ ಹೌದು.

ಯಶಸ್ಸಿನ ಕಥೆಯಿಂದ ತಪ್ಪು ಪಾಠ

ಈಗ ಆರಂಭದಲ್ಲಿ ಹೇಳಿದ ಮಾತಿಗೆ ಬರೋಣ. ಕೃಷ್ಣರಾವ್ ಅವರಂಥವರ ಕಥೆ ಕೇಳಿದ ಕೆಲವರು, "ಹುಡುಗನನ್ನು ಹೋಟೆಲಿಗೆ ಹಾಕಿದರೆ ಕಸುಬು ಕಲಿಯುತ್ತಾನೆ, ನಾಳೆ ಮಾಲೀಕನಾಗುತ್ತಾನೆ" ಎಂದು ತೀರ್ಮಾನಿಸುತ್ತಾರೆ. ಪಾಲಕರು ಇದನ್ನು ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಮನೆಯಲ್ಲಿ ಕಾಯಿಲೆ, ಸಾಲ, ಮಗಳ ಮದುವೆ ಇರುತ್ತದೆ. ಆರನೇ ಅಥವಾ ಏಳನೇ ತರಗತಿಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ವಾರಗಟ್ಟಲೆ ಗೈರುಹಾಜರಿ ಬೀಳುತ್ತದೆ. ವಿಚಾರಿಸಿದರೆ ಹುಡುಗ ಎಲ್ಲೋ ಲೋಟ ತೊಳೆಯುತ್ತಿದ್ದಾನೆ ಎಂಬ ಉತ್ತರ ಬರುತ್ತದೆ. ಶಿಕ್ಷಕರಾದ ನಮಗೆ ಇದು ಹೊಸ ಅನುಭವವಲ್ಲ.

ಆದರೆ ಯೋಚಿಸಿ. ಕೃಷ್ಣರಾವ್ ಅವರ ಕಾಲದಲ್ಲಿ ಒರಳುಕಲ್ಲಿನ ಮುಂದೆ ಕುಳಿತ ಹುಡುಗ ಅವರೊಬ್ಬರೇ ಅಲ್ಲ. ಊರೂರಿನ ಹೋಟೆಲುಗಳಲ್ಲಿ ಅಂತಹ ಎಷ್ಟೋ ಹುಡುಗರಿದ್ದರು. ಅವರಲ್ಲಿ ಹೆಚ್ಚಿನವರು ಮಾಲೀಕರಾಗಲಿಲ್ಲ. ಹಿಟ್ಟು ರುಬ್ಬಿ, ಹೊಗೆ ಕುಡಿದು, ಮುಪ್ಪಿನವರೆಗೂ ಕೂಲಿಯಾಗಿಯೇ ಉಳಿದರು. ಅವರ ಹೆಸರು ನಮಗೆ ಗೊತ್ತಿಲ್ಲದ ಕಾರಣ, ಗೊತ್ತಿರುವ ಒಂದು ಹೆಸರನ್ನೇ ಸಾಮಾನ್ಯ ನಿಯಮವೆಂದು ಭಾವಿಸುತ್ತೇವೆ. ಇತಿಹಾಸ ಓದುವಾಗ ನಾವು ಮಾಡುವ ದೊಡ್ಡ ತಪ್ಪು ಇದು. ಕೃಷ್ಣರಾವ್ ಗೆದ್ದದ್ದು ಶಾಲೆ ತಪ್ಪಿಸಿಕೊಂಡಿದ್ದರಿಂದಲ್ಲ. ಶಾಲೆ ಸಿಗದಿದ್ದರೂ ಗೆದ್ದರು, ಅಷ್ಟೇ. ಲೆಕ್ಕ, ಶಿಸ್ತು, ಶುಚಿತ್ವ, ಜನರೊಂದಿಗೆ ನಡೆದುಕೊಳ್ಳುವ ರೀತಿ ಇವನ್ನೆಲ್ಲ ಅವರು ಕಷ್ಟಪಟ್ಟು ಕಲಿತರು.

ಇಂದು ಕಾಲವೂ ಬದಲಾಗಿದೆ. ಸಣ್ಣ ಚಹಾದಂಗಡಿಗೂ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಬೇಕು. ಬ್ಯಾಂಕ್ ಸಾಲ, ಜಿ.ಎಸ್.ಟಿ., ಮೊಬೈಲಿನಲ್ಲಿ ಬರುವ ಹಣದ ಲೆಕ್ಕ ಇವೆಲ್ಲ ತಿಳಿದಿರಬೇಕು. ಅಕ್ಷರ ಬಾರದ ಮಾಲೀಕ ಪ್ರತಿಯೊಂದಕ್ಕೂ ಇನ್ನೊಬ್ಬರ ಮುಂದೆ ನಿಲ್ಲಬೇಕಾಗುತ್ತದೆ. ಹೋಟೆಲ್ ನಡೆಸುವುದೇ ನಿಮ್ಮ ಗುರಿಯಾಗಿದ್ದರೂ ಓದು ಬೇಕೇ ಬೇಕು.

ಕಾನೂನು ಏನು ಹೇಳುತ್ತದೆ?

ಸಂಘದ ಸದಸ್ಯರು ಈ ಅಂಶಗಳನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಬಾಲಕಾರ್ಮಿಕ ಕಾಯ್ದೆ 1986ರಲ್ಲಿ ಬಂದಾಗ ಕೆಲವು ಅಪಾಯಕಾರಿ ಕೆಲಸಗಳಿಗೆ ಮಾತ್ರ ನಿಷೇಧವಿತ್ತು. 2006ರ ಅಕ್ಟೋಬರ್ 10ರಿಂದ ಮನೆಗೆಲಸ, ಧಾಬಾ, ಹೋಟೆಲ್ ಮತ್ತು ಚಹಾದಂಗಡಿಗಳಲ್ಲೂ 14 ವರ್ಷದೊಳಗಿನ ಮಕ್ಕಳ ದುಡಿಮೆ ನಿಷೇಧವಾಯಿತು. 2016ರ ತಿದ್ದುಪಡಿ ಎಲ್ಲ ಉದ್ಯೋಗಗಳಿಗೂ ಈ ನಿಷೇಧವನ್ನು ವಿಸ್ತರಿಸಿತು. ಶಾಲೆಯ ಸಮಯದ ನಂತರ ಸ್ವಂತ ಕುಟುಂಬದ ಕೆಲಸದಲ್ಲಿ, ಅದೂ ಅಪಾಯಕಾರಿಯಲ್ಲದ ಕೆಲಸದಲ್ಲಿ ನೆರವಾಗಲು ಅವಕಾಶವಿದೆ. ನಿಯಮ ಮೀರಿದ ಮಾಲೀಕನಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು ಅಥವಾ 20,000ದಿಂದ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಹಕ್ಕಾಗಿದೆ. ಬಹಳ ಪಾಲಕರಿಗೆ ತಿಳಿಯದ ಒಂದು ಸಂಗತಿ ಇದರಲ್ಲಿದೆ. ಮಗು ಶಾಲೆ ಬಿಟ್ಟು ಎರಡು-ಮೂರು ವರ್ಷವಾಗಿದ್ದರೂ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. "ಈಗ ಹೋದರೆ ಚಿಕ್ಕ ಮಕ್ಕಳ ಜೊತೆ ಕೂರಿಸುತ್ತಾರೆ" ಎಂಬ ನಾಚಿಕೆಗೆ ಕಾರಣವಿಲ್ಲ. ದುಡಿಯುತ್ತಿರುವ ಮಗುವನ್ನು ಕಂಡರೆ 1098 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 75.36 ಇದ್ದರೆ ರಾಯಚೂರು ಜಿಲ್ಲೆಯದು ಶೇ. 59.56 ಮಾತ್ರ. ಈ ಅಂತರವನ್ನು ಸರ್ಕಾರವೊಂದೇ ತುಂಬಲಾರದು.

ಹರೇಕಳದ ಹಾಜಬ್ಬರು

ಕೊನೆಯದಾಗಿ ಇನ್ನೊಂದು ಜೀವನದತ್ತ ನೋಡೋಣ. ಕೃಷ್ಣರಾವ್ ಅವರ ಹುಟ್ಟಿದ ಜಿಲ್ಲೆಯವರೇ ಆದ ಹರೇಕಳ ಹಾಜಬ್ಬರು ಹೋಟೆಲ್ ಮಾಲೀಕರಲ್ಲ; ಮಂಗಳೂರಿನ ಬೀದಿಯಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರಿದವರು. ಶಾಲೆಯ ಮುಖ ಕಂಡವರಲ್ಲ. ಒಮ್ಮೆ ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದೆ ನೊಂದರು. ತಮ್ಮಂತೆ ತಮ್ಮ ಊರಿನ ಮಕ್ಕಳು ತಲೆ ತಗ್ಗಿಸಬಾರದೆಂದು ನಿರ್ಧರಿಸಿದರು. ತಮ್ಮ ಊರಾದ ನ್ಯೂಪಡ್ಪುವಿನಲ್ಲಿ ಶಾಲೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಮೊದಲಿಗೆ ಮದ್ರಸಾದ ಕಟ್ಟಡದಲ್ಲಿ 28 ಮಕ್ಕಳೊಂದಿಗೆ ತರಗತಿ ಆರಂಭವಾಯಿತು. ಕಿತ್ತಳೆ ಮಾರಿದ ಹಣ ಮತ್ತು ದಾನಿಗಳ ನೆರವಿನಿಂದ ಅದು ಬೆಳೆದು ಪ್ರೌಢಶಾಲೆಯೂ ಆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಂದ ಅದನ್ನು ಸ್ವೀಕರಿಸಿದರು.

ಓದದೇ ಬದುಕಿದ ಹಾಜಬ್ಬರು "ಓದದಿದ್ದರೂ ನಡೆಯುತ್ತದೆ" ಎನ್ನಲಿಲ್ಲ. ಓದದಿದ್ದರೆ ಏನಾಗುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾವು ಮಾಡಬಹುದಾದದ್ದು

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ನಿಮಗೊಂದು ಕೆಲಸ. ನಿಮ್ಮ ಓಣಿಯ ಅಥವಾ ನಿಮ್ಮ ಹಳ್ಳಿಯ ಹಿರಿಯ ಹೋಟೆಲ್ ಮಾಲೀಕರೊಬ್ಬರ ಬಳಿ ಹೋಗಿ ಸಲಾಂ ಹೇಳಿ ಅಥವಾ ನಮಸ್ಕರಿಸಿ ಕುಳಿತುಕೊಳ್ಳಿ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತು ಒಳ್ಳೆಯದು. ಹೋಟೆಲ್ ಯಾವ ವರ್ಷ ಆರಂಭವಾಯಿತು, ಆಗ ಚಹಾದ ಬೆಲೆ ಎಷ್ಟಿತ್ತು, ಬರಗಾಲದಲ್ಲಿ ಹೇಗೆ ನಡೆಸಿದರು, ಯಾರಿಗೆ ಎಲ್ಲಿ ಕೂರಲು ಬಿಡುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಿ. ಕೊನೆಗೆ ಒಂದು ಪ್ರಶ್ನೆ ಮರೆಯದೆ ಕೇಳಿ: "ನಿಮ್ಮ ಮಕ್ಕಳನ್ನು ಓದಿಸಿದ್ದೀರಾ?" ಕೈ ಬೆರಳುಗಳು ಬಿಸಿ ತಾಗಿ ಒರಟಾದ ಆ ಹಿರಿಯರು ಕೊಡುವ ಉತ್ತರ ನನ್ನ ಈ ಲೇಖನಕ್ಕಿಂತ ದೊಡ್ಡ ಪಾಠವಾಗುತ್ತದೆ.

ಸಂಘದ ಹಿರಿಯ ಸದಸ್ಯರಲ್ಲಿ ನನ್ನ ವಿನಂತಿ: ವಿದ್ಯಾರ್ಥಿವೇತನ ಹಂಚುವಾಗ ಹೆಚ್ಚು ಅಂಕ ಪಡೆದವರ ಪಟ್ಟಿಯ ಜೊತೆಗೆ ಶಾಲೆ ಬಿಟ್ಟವರ ಪಟ್ಟಿಯನ್ನೂ ತರಿಸಿಕೊಳ್ಳಿ. ಚಹಾ ಕುಡಿಯಲು ಹೋದಾಗ ಲೋಟ ತಂದಿಡುವ ಹುಡುಗನ ವಯಸ್ಸನ್ನು ಪ್ರೀತಿಯಿಂದ ಕೇಳಿ. ಮಾಲೀಕರೊಂದಿಗೆ ಜಗಳವಾಡದೆ ಮಾತನಾಡಿ. ಹುಡುಗನ ಮನೆಗೆ ಹೋಗಿ ಅಲ್ಲಿನ ಕಷ್ಟಕ್ಕೆ ದಾರಿ ಹುಡುಕಿ. ಒಬ್ಬ ಹುಡುಗನ ಹೆಸರು ಹಾಜರಿ ಪುಸ್ತಕಕ್ಕೆ ಮರಳಿದರೂ ಈ ವರ್ಷದ ನಮ್ಮ ಸಂಘದ ಕೆಲಸ ಸಾರ್ಥಕ. ಅಲ್ಲಾಹನು ನಮಗೆ ಆ ಶಕ್ತಿಯನ್ನು ಕರುಣಿಸಲಿ. ಆಮೀನ್.